ಇಪ್ಪತ್ತಾರು ಪಾದ

ರಿಲೇ ಓಟದಲ್ಲಿ ಬ್ಯಾಟನ್ ಕೋಲು ತರುವವಳು ನೆಲಕ್ಕೆ ಅಂಟಿಸಿದ ಟೇಪು ದಾಟಿದ ಕೂಡಲೇ ಮುಂದಿನವಳು ಹೊರಟುಬಿಡಬೇಕು; ಮತ್ತೆ ತಿರುಗಿ ನೋಡುವಂತಿಲ್ಲ. ತರುವವಳ ಓಟ ಎಷ್ಟು ಜೋರೋ, ಮುಂದಿನವಳು ನಿಂತ ಜಾಗದಿಂದ ಟೇಪು ಅಷ್ಟು ಹಿಂದೆ, ಅಷ್ಟು ದೂರ.

ಕಾನ್ಸಾಸಿನ ನಮ್ಮ ಪುಟ್ಟ ವಿಶ್ವವಿದ್ಯಾಲಯದ ತಂಡದಲ್ಲಿ ರೆನೀಟಾ ತರುವವಳು, ಕೊರಿನ್ ಒಯ್ಯುವವಳು. ರೆನೀಟಾಳ ಲೆಕ್ಕ ಇಪ್ಪತ್ತಾರು ಪಾದ. ಮೂರು ವರ್ಷ ಅದು ಬದಲಾಗಲಿಲ್ಲ. ಮಾರ್ಚಿನಲ್ಲಿ ಹಿಮ ಬಿದ್ದ ಹೆದ್ದಾರಿಯಲ್ಲಿ ಅವಳ ಕಾರು ಉರುಳಿತು, ರೆನೀಟಾ ತೀರಿಕೊಂಡಳು. ಅವಳ ಜಾಗಕ್ಕೆ ಮೊದಲ ವರ್ಷದ ಬ್ರಿಜೆಟ್ ಬಂದಳು.

ಮೇ ತಿಂಗಳ ಕ್ರೀಡಾಕೂಟದಲ್ಲಿ ಕೊರಿನ್ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಪಾದ ಅಳೆದಳು, ಸಹಾಯಕ ಕೋಚ್ ಆದ ನಾನು ಟೇಪು ಅಂಟಿಸಿದೆ. ಟೇಪು ಅಂಟಿಸುವುದರಲ್ಲಿ ನಾನು ಯಾರನ್ನೂ ನಂಬುವವಳಲ್ಲ.

ಬ್ರಿಜೆಟ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ಕೊರಿನ್ ಆಗಲೇ ಹೊರಟಾಗಿತ್ತು.

"ನಿಲ್ಲೇ ಕೊರಿನ್, ನಿಲ್ಲೇ!" ಹಿಂದಿನಿಂದ ಬ್ರಿಜೆಟ್ ಕೂಗಿದಳು.

ಕೊರಿನ್ ಹಿಂದಕ್ಕೆ ಚಾಚಿದ ಬರಿಗೈಯಲ್ಲೇ, ಬ್ಯಾಟನ್ ಕೈ ಬದಲಾಗಲೇಬೇಕಾದ ಗಡಿಗೆರೆ ದಾಟಿಬಿಟ್ಟಳು. ತೀರ್ಪುಗಾರರ ಬಾವುಟ ಎದ್ದಿತು, ನಮ್ಮ ತಂಡವನ್ನು ಹೊರಗಿಟ್ಟರು.

ಹಿರಿಯ ಕೋಚ್ ಡ್ವೊರಾಕ್ ಕೆಂಡವಾಗಿ ಬಂದರು.

"ಕಣ್ಣು ಎಲ್ಲಿಟ್ಟಿದ್ರಿ ಇಬ್ರೂ? ಎಷ್ಟಕ್ಕೆ ಹಾಕಿದ್ರಿ ಟೇಪು?"

"ಇಪ್ಪತ್ತಾರು," ಎಂದೆವು ಕೊರಿನ್, ನಾನು, ಒಟ್ಟಿಗೇ.

"ಮತ್ತಿನ್ನೇನ್ರೇ? ಸರಿಯಾಗೇ ಇದೆಯಲ್ಲ!"

ಬ್ರಿಜೆಟ್ ಇನ್ನೂ ಏದುಸಿರು ಬಿಡುತ್ತಿದ್ದಳು. ಯಾರೂ ತೆಗೆದುಕೊಳ್ಳದ ಬ್ಯಾಟನ್ ಅವಳ ಕೈಯಲ್ಲೇ ಇತ್ತು.

"ನಂದು ಇಪ್ಪತ್ತೆರಡು, ಕೋಚ್," ಎಂದಳು ಮೆಲ್ಲಗೆ.