ಗೇಟಿನ ಟಬ್ಬು

ಅರಣ್ಯ ಇಲಾಖೆಯ ಸಾಹೇಬರು ಗಿಳಿಗಳ ಪಂಜರದ ಚಿಲಕಕ್ಕೆ ಕೈ ಹಾಕಿದ್ದೇ ತಡ, ಅಕ್ಕ ತಮ್ಮನ ಹೆಣದ ತಲೆದೆಸೆಯಿಂದ ಎದ್ದು ಬಂದಳು.

“ಏನಿದು?”

“ನಿಮ್ಮ ತಮ್ಮನಿಗೆ ಇಲಾಖೆಯ ಗೌರವ ಅಮ್ಮ. ಜೀವಮಾನವಿಡೀ ಗಿಳಿ ಕಾದವರು. ಅವರ ಹೆಸರಲ್ಲಿ ಇವನ್ನ ಹಾರಿಬಿಡ್ತೀವಿ. ಒಂದು ಫೋಟೊ, ಅಷ್ಟೆ.”

“ಎಲ್ಲಿಂದ ತಂದ್ರಿ?”

“ಪೇಟೆ ಅಂಗಡಿಯಿಂದ.”

ಬದುಕಿದ್ದಾಗ ಒಂದು ಜೊತೆ ಕೈಗವಸು ಕೊಡಿಸದ ಇಲಾಖೆ! ಅಂಗಳದ ಬೇಲಿ ದಾಟಿದರೆ ಕಾಡು. ಅಲ್ಲಿನ ಗಿಳಿಗಳ ಗೂಡುಪೆಟ್ಟಿಗೆ ಉಜ್ಜುವುದೇ ತಮ್ಮನ ಕೆಲಸವಾಗಿತ್ತು.

*

ಆ ಕೆಲಸವೆಂದರೆ ಅಕ್ಕನಿಗೆ ವಾಕರಿಕೆ. ಅವನ ಮೈಯೆಲ್ಲ ಬ್ಲೀಚಿಂಗ್ ವಾಸನೆ, ತಲೆಗೂದಲಲ್ಲಿ ಪುಕ್ಕದ ಪುಡಿ. ಒಮ್ಮೆ ಹಾಲಿಗೆಂದು ಫ್ರಿಜ್ ತೆಗೆದರೆ ಡಬ್ಬಿಯೊಳಗೆ ಸತ್ತ ಗಿಳಿ. ಮೈ ಬೋಳು, ಕೊಕ್ಕು ಹೋಳು.

“ಥೂ! ಇದೊಂದು ಮನೆಯೇನೋ?”

“ಪರೀಕ್ಷೆಗೆ ಕಳಿಸ್ಬೇಕಕ್ಕ. ವೈರಸ್ಸು, ಔಷಧಿ ಇಲ್ಲ. ಕೊಕ್ಕು ಒಡೆದು, ತಿನ್ನೋಕಾಗ್ದೆ ಸಾಯ್ತವೆ. ಪಂಜರದ್ದು ಒಂದು ಕಾಡಿಗೆ ಹೊಕ್ರೆ ಸಾಕು, ಪೊಟರೆ ಪೊಟರೆಗೂ ಹಂಚುತ್ತೆ.”

ಗೇಟಿನಲ್ಲಿ ಬ್ಲೀಚಿಂಗ್ ನೀರಿನ ಟಬ್ಬು ಇಟ್ಟಿದ್ದ. ಬರುವವರು, ಹೋಗುವವರು ಎಲ್ಲ ಚಪ್ಪಲಿ ಅದ್ದಬೇಕು. “ನಾನೇನು ಗಿಳೀನೇನೋ?” ಎಂದು ಅಕ್ಕ ದಾಟಿಕೊಂಡೇ ಬರುತ್ತಿದ್ದಳು. ಒಂದು ದಿನವೂ ಅದ್ದಲಿಲ್ಲ.

*

ಪಂಜರದ ಮೂಲೆಯಲ್ಲಿ ಒಂದು ಗಿಳಿ ಮುದುಡಿ ಕೂತಿತ್ತು. ಎದೆ ಬೋಳು, ಕೊಕ್ಕಿನ ತುದಿ ಸೀಳಿತ್ತು. ಅವಳಿಗೆ ಫ್ರಿಜ್ಜಿನ ಡಬ್ಬಿ ನೆನಪಾಯಿತು.

“ಇದಕ್ಕೆ ರೋಗ ಇದೆ.”

“ಒಂದು ತಾನೆ? ಅದನ್ನ ತೆಗೆದುಬಿಡೋಣ. ಮಿಕ್ಕಿದ್ದು ಆಮೇಲೆ ನೋಡಿದ್ರಾಯ್ತು.”

“ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗ್ಲು ಹಾಕ್ತೀರಾ? ಛೀ! ಅವನು ಉಜ್ಜಿಟ್ಟ ಗೂಡಿಗೆ ಅವನ ಹೆಣದ ಮುಂದೇನೇ ಉಗೀತೀರಲ್ರೀ!”

ಪಕ್ಕದ ಮನೆಯಾಕೆ ತೋಳು ಜಗ್ಗಿದಳು. “ಸುಮ್ನಿರೇ, ದೊಡ್ಡೋರು, ಪಾಪ, ಮನೆ ತನಕ ಬಂದಿದಾರೆ.”

“ಬಂದಿದಾರೆ, ರೋಗ ಹೊತ್ಕೊಂಡು ಬಂದಿದಾರೆ!”

ಪಂಜರವನ್ನು ತಾನೇ ಎತ್ತಿ ತಮ್ಮನ ಕೋಣೆಗಿಟ್ಟು, ಕಿಟಕಿ ಮುಚ್ಚಿ, ಬೀಗ ಜಡಿದಳು. ಪಕ್ಷಿಗಳ ಡಾಕ್ಟರಿಗೆ ಫೋನ್ ಮಾಡಿದಳು. ಹೆಣ ನೋಡಲು ಬಂದವರು ಟಬ್ಬನ್ನು ಕಾಲಲ್ಲೇ ಬದಿಗೆ ತಳ್ಳಿದ್ದರು. ಅದನ್ನು ಗೇಟಿಗೆ ಅಡ್ಡ ಎಳೆದು, ಅವನ ಕ್ಯಾನಿನಿಂದ ಬ್ಲೀಚಿಂಗ್ ನೀರು ಸುರಿದಳು.

“ಇಳೀರಿ.”

ಸಾಹೇಬರು ಸುತ್ತ ನೋಡಿದರು. ಪ್ಯಾಂಟು ಮೇಲೆತ್ತಿ, ಮಿರುಗುವ ಬೂಟಿನ ಸಮೇತ ಇಳಿದರು.

ಅವರು ಹೋದ ಮೇಲೆ ಅಕ್ಕ ಮೂಗು ಮುಚ್ಚಿಕೊಂಡು, ಅದೇ ಕೊಳೆನೀರಿನಲ್ಲಿ ಚಪ್ಪಲಿಗಾಲಲ್ಲಿ ನಿಂತಳು. ಅವಳ ಹಿಂದೆ, ಹೆಣ ಹೊತ್ತವರು ತಮ್ಮ ಸರದಿಗೆ ಕಾದರು.