ಅಧ್ಯಕ್ಷರ ವಿಮಾನ ಹಾರದ ದಿನ

ನಾನು ಒಂದು ಜೆಟ್ ವಿಮಾನ. ಹುಟ್ಟಿದ್ದು ಹಿಮ ಬೀಳುವ ದೇಶದ ಕಾರ್ಖಾನೆಯೊಂದರಲ್ಲಿ. ನನ್ನ ಜೊತೆ ಹುಟ್ಟಿದವರಿಗೆಲ್ಲ ಸಾಲುಸಾಲಾಗಿ ಸೀಟು ಜೋಡಿಸಿದರು. ನನಗೆ ಮಾತ್ರ ಮಂಚ ಹಾಕಿ, ಚಿನ್ನದ ನಲ್ಲಿ ಜೋಡಿಸಿದರು. ದೊಡ್ಡವರ ಮನೆಗೆ ಹೋಗುವ ಮದುವಣಗಿತ್ತಿಯಂತೆ ಬೀಗಿದ್ದೆ.

ಮೊದಲ ಒಡೆಯ ಮರಳುನಾಡಿನ ದೊರೆ. ಅವನ ಗಿಡುಗಕ್ಕೂ ನನ್ನಲ್ಲಿ ಒಂದು ಸೀಟಿತ್ತು. ಕೆಲವು ವರ್ಷಕ್ಕೆ ನಾನು ಹಳತಾದೆ ಎನಿಸಿ ಒಂದು ದ್ವೀಪದೇಶದ ಅಧ್ಯಕ್ಷರಿಗೆ ಮಾರಿದ.

ಈ ಅಧ್ಯಕ್ಷರು ಮೆಲ್ಲಗೆ ನಡೆಯುವವರು. ಅವರ ಬೂಟು ಮೆಟ್ಟಿಲಿಗೆ ತಾಗಿದ್ದೇ ತಿಳಿಯುತ್ತಿರಲಿಲ್ಲ. ಅವರದೊಂದು ಪದ್ಧತಿ ಇತ್ತು. ತಾವು ಪರದೇಶಕ್ಕೆ ಹೋದಾಗ ಬೆನ್ನ ಹಿಂದೆ ಯಾರು ಕುರ್ಚಿಗೆ ಕೈ ಹಾಕಬಹುದೆಂಬ ಅನುಮಾನವಿತ್ತೋ ಅವರನ್ನೇ ಅತಿಥಿಗಳೆಂದು ಕರೆದೊಯ್ಯುತ್ತಿದ್ದರು. ಆಹ್ವಾನ ಬಂದವರಿಗೆ ಊರೇ ಹಾರ ಹಾಕುತ್ತಿತ್ತು. ಅವರ ಅಂಗೈ ಎಷ್ಟು ಬೆವರುತ್ತಿತ್ತೆಂಬುದು ನನ್ನ ಸೀಟಿನ ತೋಳುಗಳಿಗಷ್ಟೇ ಗೊತ್ತು. ಒಮ್ಮೆ ಹೀಗೆ ಬಂದ ಮೀನುಗಾರಿಕೆ ಮಂತ್ರಿ ಮರುಪಯಣದಲ್ಲಿ ಇರಲಿಲ್ಲ. ಸೀಟಿನ ಸಂದಿಯಲ್ಲಿ ಅವರ ಕನ್ನಡಕ ಉಳಿದಿತ್ತು. ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದವರು ಹಂಪಣ್ಣವರ ಎಂಬ ಅಡ್ಡಹೆಸರಿನ, ಗದಗ ಕಡೆಯ ಎಂಜಿನಿಯರ್. ಬೆಳಿಗ್ಗೆ ಬಂದವರೇ ನನ್ನ ಹೊಟ್ಟೆ ತಟ್ಟಿ, "ಏನಪಾ, ಆರಾಮ ಅದಿ?" ಎನ್ನುತ್ತಿದ್ದರು. ಹೆಂಡತಿ ಸುವರ್ಣಾ, ಪುಟ್ಟ ಮಗಳು ನೀಲಾ ಆ ದ್ವೀಪದಲ್ಲೇ ಅವರ ಜೊತೆಗಿದ್ದರು.

ಒಂದು ಮಧ್ಯಾಹ್ನ ಕಾವಲುಪಡೆಯ ಕರ್ನಲ್ ನಾನು ನಿಲ್ಲುವ ಹ್ಯಾಂಗರಿಗೆ ಬಂದು, ನನ್ನ ಹಿಂಬದಿಯ ಸಾಮಾನುಗೂಡಿನ ಬೀಗದ ಕೈ ಕೇಳಿದ.

"ನಾಳಿದ್ದು ಅಧ್ಯಕ್ಷರು ಹೊರಡುವ ಹೊತ್ತಿಗೆ ನಿಮಗೆ ಜ್ವರ ಬರಲಿ. ಮನೆಯಲ್ಲೇ ಮಲಗಿರಿ. ನಿಮ್ಮ ಮಗಳು ಯಾವ ಶಾಲೆಗೆ ಹೋಗುತ್ತಾಳೆಂದು ನನಗೆ ಗೊತ್ತು."

ಹಂಪಣ್ಣವರ ಕೀಲಿ ಕೊಟ್ಟರು. ಸಂಜೆಯೊಳಗೆ ಒಂದು ಭಾರದ ಪೆಟ್ಟಿಗೆ ನನ್ನ ಹೊಟ್ಟೆ ಸೇರಿತು. ಸದ್ದಿಲ್ಲ, ಅಲುಗಾಟವಿಲ್ಲ, ಸುಮ್ಮನೆ ಕೂತಿತ್ತು. ಕೀಲಿ ಮಾತ್ರ ಹಿಂದಿರುಗಲಿಲ್ಲ.

ಆದರೆ ಕರ್ನಲ್ ಬಂದುಹೋದದ್ದು ಯಾರದೋ ಕಣ್ಣಿಗೆ ಬಿದ್ದಿತ್ತು. ಮರುದಿನವೇ ಅಧ್ಯಕ್ಷರ ಕಚೇರಿಯವನು ಮಿಠಾಯಿ ಡಬ್ಬಿ ಹಿಡಿದು ಬಂದ. "ಈ ಸಲ ನಿಮ್ಮ ಮನೆಯವರೂ ಅಧ್ಯಕ್ಷರ ಅತಿಥಿಗಳು. ಮಗುವಿಗೆ ಕಿಟಕಿ ಪಕ್ಕದ ಸೀಟು."

ಹೊರಡುವ ದಿನ ಸುವರ್ಣಾ ಇಳಕಲ್ ಸೀರೆ ಉಟ್ಟು, ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದರು. ಹಂಪಣ್ಣವರ ಬಾಗಿಲಲ್ಲೇ ನಿಂತಿದ್ದರು. ಜ್ವರ ಹಿಡಿದವರ ಮುಖವೇ ಆಗಿತ್ತು ಅವರದು. ಬಾಯಿ ಬಿಟ್ಟರೆ ಕೀಲಿ ಕೊಟ್ಟವರು ತಾವೇ, ಬಿಡದಿದ್ದರೆ ಇವರಿಬ್ಬರೂ ಆ ಪೆಟ್ಟಿಗೆಯ ಜೊತೆ ಹಾರುತ್ತಾರೆ.

"ನಾಕ ವರ್ಷಾತು, ಒಂದ ದಿನಾನೂ ಇದರಾಗ ಕೂಡಸಲಿಲ್ಲ ನೀವು. ಕಡೀಕ ಆ ಅಧ್ಯಕ್ಷರಿಗೇ ಕರುಣಾ ಬಂತ ನೋಡ್ರಿ."

"ಸುವರ್ಣಾ, ನೀಲಾಗ ಹೊಟ್ಟಿನೋವು ಅಂತ ಹೇಳಿ ಇಳದಬಿಡು."

"ಹುಚ್ಚಗಿಚ್ಚ ಹಿಡದೈತೇನ್ರಿ? ಮೆಟ್ಲದ ಬುಡಕ ಬಂದೂಕ ಹಿಡದ ನಿಂತಾರ. ಹೆಂಗ ಇಳೀಲಿ?"

ಹಂಪಣ್ಣವರ ಬಗ್ಗಿ ಮಗಳ ಚೀಲದ ಪಟ್ಟಿ ಸರಿಮಾಡಿದರು. ಅವರ ಅಂಗಿಯ ತೋಳಿನಿಂದ ಏನೋ ಜಾರಿ ಆ ಚೀಲಕ್ಕೆ ಬಿದ್ದದ್ದನ್ನು ನಾನೊಬ್ಬನೇ ನೋಡಿದೆ.

ವಿಮಾನ ರಿಪೇರಿಯವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೆಲಸ ಮುಗಿದ ಮೇಲೆ ಸಲಕರಣೆಗಳೆಲ್ಲ ಪೆಟ್ಟಿಗೆಯೊಳಗೆ ತಮ್ಮ ತಮ್ಮ ಜಾಗದಲ್ಲಿರಬೇಕು. ಒಂದು ಸ್ಪ್ಯಾನರ್ ಕಾಣದಿದ್ದರೂ ವಿಮಾನ ಏಳುವಂತಿಲ್ಲ. ಅದು ಎಲ್ಲಿ ಸಿಕ್ಕಿಕೊಂಡು ಏನು ಕೆಡಿಸುತ್ತದೋ ಎಂದು ಒಂದೊಂದು ಮುಚ್ಚಳ ತೆಗೆದು ಹುಡುಕಲೇಬೇಕು.

ಅಧ್ಯಕ್ಷರು ಹತ್ತಿ ಕೂತ ಮೇಲೆ ಹಂಪಣ್ಣವರ ಹೇಳಿದರು, "ಸರ್, ಒಂದು ಸ್ಪ್ಯಾನರ್ ಕಾಣುತ್ತಿಲ್ಲ."

"ಹುಡುಕಿ. ಅಲ್ಲಿಯವರೆಗೆ ಯಾರೂ ಇಳಿಯಬೇಡಿ."

ಸಿಪಾಯಿಗಳು ಮೊದಲು ಹಂಪಣ್ಣವರ ಜೇಬು ತಡಕಿದರು. ಅಡುಗೆಗೂಡು, ಚಕ್ರದ ಗೂಡು ನೋಡಿದರು. ಕೊನೆಗೆ ಹಿಂಬದಿಯ ಬೀಗ ಒಡೆದರು. ಒಬ್ಬ ಕಿರುಚಿಕೊಂಡ. ಪೆಟ್ಟಿಗೆಯಲ್ಲಿದ್ದದ್ದು ಸಿಡಿಮದ್ದು. ಕೆಳಗೆ ಸಲಾಮಿನ ಸಾಲಿನಲ್ಲಿದ್ದ ಕರ್ನಲ್ ಓಡಲು ನೋಡಿದ. ನನ್ನ ರೆಕ್ಕೆಯ ನೆರಳಲ್ಲೇ ಅವನ ಕೈ ಕಟ್ಟಿದರು.

ಅಧ್ಯಕ್ಷರು ಹಂಪಣ್ಣವರ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಸ್ಪ್ಯಾನರ್ ನನ್ನ ಜೀವ ಉಳಿಸಿತು. ಎಲ್ಲಿ, ನೋಡೋಣ?"

"ಇನ್ನೂ ಸಿಕ್ಕಿಲ್ಲ, ಸರ್."

ಬಿಸ್ಕತ್ತಿಗೆಂದು ಚೀಲ ಕೆದಕುತ್ತಿದ್ದ ನೀಲಾ ತಲೆಯೆತ್ತಿದಳು. "ಅಪ್ಪಾಜಿ, ಇದು ನಿಂದಲ್ಲಾ? ನನ್ನ ಚೀಲದಾಗ ಯಾಕೈತಿ?"

ಅಧ್ಯಕ್ಷರಿಗೆ ಕನ್ನಡ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಸ್ಪ್ಯಾನರನ್ನು ಇಸಿದುಕೊಂಡು, ಕರವಸ್ತ್ರದಲ್ಲಿ ಒರೆಸಿದರು.

"ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತು."

ಹಂಪಣ್ಣವರ ಕೈಮುಗಿದರು. "ಇವರಿಬ್ಬರನ್ನು ಊರಿಗೆ ಕಳಿಸಿಬಿಡಿ, ಸರ್."

ಅಧ್ಯಕ್ಷರು ಆಗಲಿ ಎಂದರು. ತಾಯಿ ಮಗಳನ್ನು ಜೀಪಿನಲ್ಲಿ ಒಯ್ದು ಮೈದಾನದಾಚೆಯ ಪ್ರಯಾಣಿಕರ ವಿಮಾನಕ್ಕೆ ಹತ್ತಿಸಿದರು. ಸುವರ್ಣಾ ಹಿಂದಿರುಗಿ ನೋಡುತ್ತಲೇ ಇದ್ದರು. ಹಂಪಣ್ಣವರನ್ನು ಇನ್ನೊಂದು ದಿಕ್ಕಿಗೆ ನಡೆಸಿಕೊಂಡು ಹೋದರು.

ಆಮೇಲೆ ಅಧ್ಯಕ್ಷರು ನನ್ನನ್ನು ಹತ್ತಲಿಲ್ಲ. ಎಂಜಿನ್ನು ಕಳಚಿ ಮಾರಿದರು. ಈಗ ನಿಲ್ದಾಣದ ಅಂಚಿನ ಹುಲ್ಲಿನಲ್ಲಿ ನಿಂತಿದ್ದೇನೆ, ಉಪ್ಪುಗಾಳಿ ಮೈ ತಿನ್ನುತ್ತಿದೆ. ಹಾರಿದ ದಿನಗಳಲ್ಲಿ ಯಾರನ್ನೆಲ್ಲ ಎಲ್ಲೆಲ್ಲಿಗೆ ಒಯ್ದೆನೋ, ಅವರು ಏನಾದರೋ, ಹೇಳಲಾರೆ. ಹಾರದೆ ನಿಂತು ಇಬ್ಬರನ್ನು ಮನೆ ಮುಟ್ಟಿಸಿದೆ. ಮೂರನೆಯವರ ಸುದ್ದಿ ನನಗೆ ಯಾರೂ ಹೇಳಿಲ್ಲ.