ಕಂಬಳಿ ಮೂಲೆಯ ಮಣ್ಣು

“ಗಂಡ ಸಮುದ್ರ ದಾಟಿದ ಮ್ಯಾಲ ನೀನೂ ಮುಂಡಿ ಲೆಕ್ಕಾನ. ಯಾರ ಸಲುವಾಗಿ ಸಾರಸಾಕತ್ತೀಬೇ ರಂಡಿ?”

ಕರೆಮ್ಮ ತಲೆಯೆತ್ತಿದಳು. ಆಗಷ್ಟೇ ಸೆಗಣಿ ಸಾರಿಸಿದ್ದ ನೆಲದ ಮೇಲೆ ಸಾಹುಕಾರ ವಿರೂಪಣ್ಣನ ಆಳು ಬೂದೆಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದ.

“ಇವತ್ತ ಮಾನವಿ ಕಚೇರಿಯೊಳಗ ಹೊಲದ ವಿಚಾರಣಿ ಅದ. ನೀ ಬಂದು ಅಳಬ್ಯಾಡಂತ. ಸಾಹುಕಾರ್ರು ಹೇಳ್ಯಾರ.”

“ಇವತ್ತಾ? ನಮಗ ನೋಟೀಸೇ ಬಂದಿಲ್ಲಲ್ಲೋ ಯಣ್ಣಾ.”

“ಬಂದು ತಿಂಗಳಾತು. ಅವರ ಮನ್ಯಾಗ ಅದ.”

ಅವನು ಹೋದ ಮೇಲೆ ಕರೆಮ್ಮ ಕೈ ತೊಳೆದಳು. ಒದ್ದೆ ಕೈಯಲ್ಲೇ ಮಗಳು ಬಂಡೆಮ್ಮನ ಜಡೆ ಬಿಗಿದಳು. ಗಂಡನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅವಳನ್ನೂ ಕರೆದುಕೊಂಡು ಬಸ್ಸಿಗೆ ನಡೆದಳು.

ಮಲ್ಲಟದಲ್ಲಿ ವಿರೂಪಣ್ಣನ ಹೆಸರಿನಲ್ಲಿದ್ದ ಆ ನಾಲ್ಕು ಎಕರೆಯನ್ನು ಅವಳ ಗಂಡ ಹನುಮಂತ್ರಾಯ ಅಪ್ಪನ ಕಾಲದಿಂದಲೂ ಗೇಣಿ ಕೊಟ್ಟು ಕೌಲಿಗೆ ಉಳುತ್ತಿದ್ದ. ಉಳುವವನಿಗೇ ಹೊಲ ಎಂದು ಕಾನೂನು ಬಂದಾಗ ಅರ್ಜಿ ಹಾಕಿದ. ಸುಗ್ಗಿಯಲ್ಲಿ ಒಂದು ತಂಬಿಗೆ ಮಜ್ಜಿಗೆಗೂ ಮುಖ ತಿರುವುತ್ತಿದ್ದ ವಿರೂಪಣ್ಣ ಅಂದಿನಿಂದ ಮೆತ್ತಗಾದ. ಅರಬರಿಗೆ ಕುರಿ ಕಾಯುವವರು ಬೇಕಾಗಿದ್ದಾರೆ ಎಂದ. ಮುಂಬಯಿಯ ಹಡಗಿನ ಟಿಕೀಟು ತಾನೇ ತರಿಸಿದ. ರಾಯಚೂರು ಸ್ಟೇಷನ್ನಿನಲ್ಲಿ ಹಾರವನ್ನೂ ಹಾಕಿದ.

ಹಿಂಡಿನ ಜೊತೆ ಊರು ಬಿಡುವ ಕುರುಬ ತನ್ನ ಹೊಲದ ಹಿಡಿ ಮಣ್ಣನ್ನು ಕಂಬಳಿ ಮೂಲೆಗೆ ಗಂಟು ಕಟ್ಟುತ್ತಾನೆ. ತಿರುಗಿ ಬಂದು ಅವನೇ ಬಿಚ್ಚುವವರೆಗೆ ಹೊಲ ಅವನ ದಾರಿ ನೋಡುತ್ತದೆ. ಹನುಮಂತ್ರಾಯನೂ ಕಟ್ಟಿದ್ದ.

“ಮಣ್ಣು ಗಿಣ್ಣು ಹಡಗಿನ್ಯಾಗ ಬಿಡಂಗಿಲ್ಲಲೇ ಹುಚ್ಚಾ,” ಎಂದು ವಿರೂಪಣ್ಣ ಸ್ಟೇಷನ್ನಿನಲ್ಲೇ ಕಂಬಳಿ ಕಿತ್ತು ಕರೆಮ್ಮನ ಕಡೆ ಎಸೆದಿದ್ದ. “ಅಲ್ಲಿ ಬಿಸಲು ಭಾಳ. ಕಂಬಳಿ ಹೊದ್ದು ಸಾಯ್ತೀಯೇನು?”

ಆಗ ಬಂಡೆಮ್ಮ, “ಯವ್ವಾ, ಇವ್ರು ಯಾಕ…” ಎಂದು ಬಾಯಿ ತೆರೆದಿದ್ದಳು. ಕರೆಮ್ಮ ಅವಳ ತೊಡೆ ಚಿವುಟಿ ಸುಮ್ಮನಾಗಿಸಿದ್ದಳು. ಅದಾಗಿ ಎಂಟು ದಿನ.

ಮಾನವಿಯ ಕಚೇರಿಯಲ್ಲಿ ಜವಾನ ಮೂರು ಸಲ ಕೂಗಿದ. “ಮಲ್ಲಟದ ಹನುಮಂತ್ರಾಯ ಹಾಜರ್ ಅದಾನೇನು?”

“ನಾ ಅವನ ಹೇಣ್ತಿರೀ,” ಎಂದಳು ಕರೆಮ್ಮ.

“ಅರ್ಜಿದಾರ ಎಲ್ಲಿದಾನಮ್ಮ?” ವಿಚಾರಣೆಗೆ ಕೂತಿದ್ದ ಸಾಹೇಬರು ಕಾಗದದಿಂದ ಕಣ್ಣೆತ್ತಲಿಲ್ಲ.

ವಿರೂಪಣ್ಣ ಕುರ್ಚಿಯಿಂದಲೇ ಹೇಳಿದ: “ಹೊಲ ಬ್ಯಾಡಂತ ಹಡಗ ಹತ್ತ್ಯಾನ್ರೀ ಸಾಹೇಬ್ರ. ಹೋಗಬ್ಯಾಡಲೇ ಅಂತ ಎಷ್ಟು ಹೇಳಿದೆ. ನನ್ನ ಮಾತು ಕೇಳಲಿಲ್ಲ ನೋಡ್ರಿ.”

ಕರೆಮ್ಮ ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟಳು. “ಹೊಲ ಬ್ಯಾಡ ಅನ್ನಾವ ಅದರ ಮಣ್ಣು ಯಾಕ ಕಟ್ತಿದ್ನರೀ?”

“ಏಯ್, ತೆಗಿಯಮ್ಮ. ಕಾಗದ ಹೊಲಸಾಗ್ತದೆ,” ಎಂದರು ಸಾಹೇಬರು.

ಜವಾನ ಗಂಟನ್ನು ಬೆತ್ತದ ತುದಿಯಿಂದ ಕೆಳಗೆ ತಳ್ಳಿದ. ಗುಮಾಸ್ತ ಅರ್ಜಿಯ ಮೇಲೆ ‘ಗೈರುಹಾಜರು, ವಜಾ’ ಎಂದು ಬರೆಯತೊಡಗಿದ.

ಬಂಡೆಮ್ಮ ಬಗ್ಗಿ ಕಂಬಳಿ ಎತ್ತಿಕೊಂಡು ವಿರೂಪಣ್ಣನ ಮುಂದೆ ಹೋಗಿ ನಿಂತಳು. ಕರೆಮ್ಮನ ಕೈ ಮಗಳ ತೊಡೆಯವರೆಗೆ ಹೋಯಿತು. ಈ ಸಲ ಚಿವುಟಲಿಲ್ಲ.

“ಹೋಗಬ್ಯಾಡ ಅಂದಿದ್ರ, ನಮ್ಮಪ್ಪನ ಹಡಗಿನ ಟಿಕೀಟು ನೀವ್ಯಾಕ ತರಿಸಿದ್ರಿ ಸಾಹುಕಾರ್ರ?”